ಬಿಡದ ಹೊಲಿಗೆ

ಬಸ್ ನಿಲ್ದಾಣದ ಮೈಕಿನಲ್ಲಿ ದಿನವಿಡೀ ಒಂದು ಹೆಣ್ಣುದನಿ ಹೇಳುತ್ತಿರುತ್ತದೆ: "ನಿಮ್ಮ ಮೊಬೈಲಿಗೆ ನೀವೇ ಜವಾಬ್ದಾರರು." ಆ ಮಾತು ಬಂದಾಗಲೆಲ್ಲ ನಿಲ್ದಾಣದ ಎದುರಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಒಂದು ಹೊಲಿಗೆ ಮಷೀನು ತಟಕ್ಕನೆ ನಿಲ್ಲುತ್ತದೆ. ಸೂಜಿ ಬಟ್ಟೆಯೊಳಗೆ ಅರ್ಧ ಇಳಿದೇ ಇರುತ್ತದೆ. ಮೈಕು ಸುಮ್ಮನಾದ ಮೇಲೆ ಮತ್ತೆ ಓಡುತ್ತದೆ. ಗಿರಾಕಿಗಳ ಗಮನಕ್ಕೆ ಇದು ಬರುವುದಿಲ್ಲ. ಪಕ್ಕದಲ್ಲಿ ಕೂತು ಕೀಲಿ ಉಜ್ಜುವ ಮುದುಕನಿಗೆ ಮಾತ್ರ ಗೊತ್ತು. ಮಷೀನು ನಿಂತಾಗ ಅವನೂ ಅರ ನಿಲ್ಲಿಸುತ್ತಾನೆ.

ಆ ಹೆಂಗಸನ್ನು ಎಲ್ಲರೂ ಕರೆಯುವುದು ಗಟ್ಟಿಯಕ್ಕ ಎಂದು. ಕೀಲಿ ಮುದುಕ ಅವಳಿಗಿಂತ ಎಷ್ಟೋ ದೊಡ್ಡವನು, ಅವನ ಬಾಯಲ್ಲೂ ಅವಳು ಅಕ್ಕನೇ. ಕೆಲಸ ಬ್ಯಾಗ್ ರಿಪೇರಿ. ಕೆಟ್ಟ ಜಿಪ್ಪು, ಕಿತ್ತ ಹಿಡಿಕೆ, ಶಾಲೆ ಮಕ್ಕಳ ಬ್ಯಾಗಿನ ಹೆಗಲ ಪಟ್ಟಿ. ಗೂಡಿನಲ್ಲಿ ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಮೇಲೆ ಯಾರಾದರೂ ಧಡಧಡನೆ ಹತ್ತಿದರೆ ಸುಣ್ಣದ ಪುಡಿ ಉದುರಿ ಅವಳ ಕೂದಲ ಮೇಲೆ ಕೂರುತ್ತದೆ. "ಅಕ್ಕನಿಗೆ ವಯಸ್ಸಾಗಿಲ್ಲ, ಕಟ್ಟಡಕ್ಕೆ ಆಗಿದೆ," ಎಂದು ಮುದುಕ ನಗಿಸುತ್ತಿದ್ದ.

ಹೆಸರು ಬಂದದ್ದು ಅವಳ ಹೊಲಿಗೆಯಿಂದ. ಪಟ್ಟಿ ಕೂರಿಸುವ ಕಡೆ ಒಂದು ಚೌಕ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಕತ್ತರಿ ಗುರುತು ಹಾಕಿ, ಅದರ ಮೇಲೇ ಇನ್ನೊಮ್ಮೆ ಮಷೀನು ಓಡಿಸುತ್ತಿದ್ದಳು. ಆಮೇಲೆ ಪರೀಕ್ಷೆ. ಶಟರಿನ ಪಕ್ಕ ಗೋಡೆಗೆ ಹೊಡೆದ ಕಬ್ಬಿಣದ ಕೊಕ್ಕೆಗೆ ಬ್ಯಾಗನ್ನು ಸಿಕ್ಕಿಸಿ, ಗೋಡೆಗೆ ಒಂದು ಕಾಲು ಕೊಟ್ಟು, ಎರಡೂ ಕೈಯಲ್ಲಿ ಜಗ್ಗುವುದು. ಗಿರಾಕಿಯ ಕೈಯಲ್ಲೂ ಜಗ್ಗಿಸುವುದು. "ಬಟ್ಟೆ ಹರಿದೀತು, ನನ್ನ ಹೊಲಿಗೆ ಬಿಡಲ್ಲ," ಎನ್ನುವುದು. ಹರಿದ ಬ್ಯಾಗುಗಳು ವಾಪಸು ಬಂದಾಗ ನಿಜಕ್ಕೂ ಬಟ್ಟೆ ಚಿಂದಿಯಾಗಿರುತ್ತಿತ್ತು, ಚೌಕ ಮಾತ್ರ ಹಾಗೇ ಇರುತ್ತಿತ್ತು.

"ನನ್ನ ಹಲ್ಲಿಗೂ ಒಂದು ಚೌಕ ಹಾಕಿಕೊಡಕ್ಕ, ಒಂದೊಂದೇ ಕಳಚಿಕೊಳ್ತಿವೆ," ಎನ್ನುತ್ತಿದ್ದ ಮುದುಕ.

"ಬಾಯಿ ಸೇರಿಸಿ ಹೊಲಿದುಬಿಡ್ತೀನಿ. ಇಡೀ ರಸ್ತೆಗೆ ಪುಣ್ಯ."

ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಇದ್ದವಳು ಮಗಳೊಬ್ಬಳು. ಸಣಕಲಿ ಎಂದು ತಾಯಿ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದಳು. ಕಡ್ಡಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರ ಮೂಗಿನ ಮೇಲೆ ಚೌಕಟ್ಟು ಇಟ್ಟು ಕನ್ನಡಿ ಹಿಡಿಯುವುದು, ಗಾಜು ಕೂತು ಬಂದಾಗ ತನ್ನ ಫೋನಿನಿಂದಲೇ ಕರೆ ಮಾಡಿ ತಿಳಿಸುವುದು. ಸಂಜೆ ಮನೆಗೆ ಬಂದು ಗಿರಾಕಿಗಳ ನಡೆ ನುಡಿ ಮಾಡಿ ತೋರಿಸಿ ತಾಯಿಯನ್ನು ನಗಿಸುವುದು ಅವಳ ಇನ್ನೊಂದು ಕೆಲಸ.

ಅವಳ ಮೊದಲ ಫೋನು ಬಸ್ಸಿನ ಬಾಗಿಲಲ್ಲಿ ಹೋಯಿತು. ಹತ್ತುವಾಗ ಇತ್ತು, ಒಳಗೆ ಬಂದು ನೋಡಿದರೆ ಇಲ್ಲ. ಹೋದದ್ದು ಒಂದು ಸಾಮಾನಲ್ಲ. ಅಂಗಡಿಯ ಹಾಜರಿ ಫೋನಿನಲ್ಲಿ, ಸಂಬಳ ಬರುವುದು ಫೋನಿನಲ್ಲಿ, ಬಸ್ಸಿನ ಟಿಕೇಟು ಫೋನಿನಲ್ಲಿ. ಮಾರನೆಯ ದಿನ ಕಾಲು ನೋಯುವಷ್ಟು ನಡೆದು ಅಂಗಡಿ ತಲುಪಿದವಳಿಗೆ ಮ್ಯಾನೇಜರು ಹೇಳಿದ್ದು: "ಫೋನಲ್ಲಿ ಹಾಜರಿ ಬಿದ್ದಿಲ್ಲ ಅಂದ್ರೆ ನೀನು ಬಂದಿಲ್ಲ ಅಂತಲೇ ಲೆಕ್ಕ ಕಣಮ್ಮ." ಎದುರಿಗೆ ನಿಂತಿರುವ ಹುಡುಗಿ ಬಂದಿಲ್ಲವಂತೆ. ದೂರು ಕೊಡಲು ಹೋದರೆ ಪೊಲೀಸರು, "ಬಸ್ಸಲ್ಲಿ ಫೋನನ್ನ ಕೈಯಲ್ಲಿ ಯಾಕೆ ಹಿಡ್ಕೊಂಡಿದ್ದೆ?" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದು. ಟಿಕೇಟು ತೋರಿಸಲು ಫೋನು ಕೈಯಲ್ಲಿ ಹಿಡಿಯಲೇಬೇಕು ಎಂದು ಕಾನೂನು ಮಾಡಿದವರು ಅವಳೇನಲ್ಲ.

ಹೊಸ ಫೋನು ಬಂದ ದಿನ ಕಡ್ಡಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಪ್ರಾಣ ಹೋದ್ರೂ ಇದು ಹೋಗಬಾರದು ಕಣಮ್ಮ," ಎಂದಳು. ಆಡುವ ಮಾತು. ನಾವೆಲ್ಲ ಆಡುತ್ತೇವೆ.

"ಹೋಗಲ್ಲ ಬಿಡು. ನಾನು ಹೊಲೀತೀನಿ."

ದೊಡ್ಡ ಪ್ರಯಾಣದ ಬ್ಯಾಗಿನಿಂದ ಬಿಚ್ಚಿದ ನೈಲಾನ್ ಪಟ್ಟಿ ಒಂದು ಅವಳ ಬಳಿ ಇತ್ತು. ಅದನ್ನು ಮೊಳದುದ್ದ ಕತ್ತರಿಸಿ, ಒಂದು ತುದಿಗೆ ಫೋನು ಕೂರುವ ಚೀಲ, ಇನ್ನೊಂದು ತುದಿಗೆ ಮಣಿಕಟ್ಟಿನ ಕುಣಿಕೆ ಮಾಡಿದಳು. ಎಳೆದಷ್ಟೂ ಬಿಗಿಯುವ ಕುಣಿಕೆ. ಎರಡೂ ಕಡೆ ಚೌಕ, ಚೌಕದೊಳಗೆ ಕತ್ತರಿ ಗುರುತು, ಮಗಳದಲ್ಲವೇ ಎಂದು ಬೇರೆಯವರಿಗಿಂತ ಒಂದು ಸುತ್ತು ಜಾಸ್ತಿ. ಕೊಕ್ಕೆಗೆ ಹಾಕಿ ನೋಡಲಿಲ್ಲ. ಮಗಳ ಕೈಗೇ ಹಾಕಿ, ತಾನು ಇನ್ನೊಂದು ತುದಿ ಹಿಡಿದು ಎಳೆದಳು. ತಾಯಿ ಮಗಳು ಮೆಟ್ಟಿಲ ಕೆಳಗೆ ಹಗ್ಗಜಗ್ಗಾಟ ಆಡಿದರು. ಕೊನೆಗೆ ಕಡ್ಡಿ ಕಾಲು ಜಾರಿ ಬಂದು ತಾಯಿಯ ಮಡಿಲಿಗೇ ಬಿದ್ದಳು.

"ನಾನೇ ಕಿತ್ತು ಬಂದೆ, ಪಟ್ಟಿ ಬರಲಿಲ್ಲ!" ಎಂದು ಬಿದ್ದಲ್ಲೇ ನಕ್ಕಳು. ಕೀಲಿ ಮುದುಕನೂ ನಕ್ಕ. ಗಟ್ಟಿಯಕ್ಕನ ಮುಖ ಹೆಮ್ಮೆಯಿಂದ ಇಷ್ಟಗಲವಾಗಿತ್ತು.

ಅದು ನಡೆದದ್ದು ಸಂಜೆ, ಇನ್ನೂ ಬೆಳಕಿತ್ತು. ಫುಟ್‌ಪಾತಿನ ಮೇಲೆ ಕಾರುಗಳು ನಿಂತಿದ್ದರಿಂದ ಕಡ್ಡಿ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದಳು. ಬಸ್ಸು ಎಲ್ಲಿದೆ ಎಂದು ನೋಡಲು ಫೋನು ಕೈಗೆತ್ತಿಕೊಂಡಳು. ಹಿಂದಿನಿಂದ ಬೈಕು ಬಂತು, ಮೇಲೆ ಇಬ್ಬರು. ಹಿಂದೆ ಕೂತವನ ಕೈಗೆ ಫೋನು ಸಿಗಲಿಲ್ಲ, ಪಟ್ಟಿ ಸಿಕ್ಕಿತು. ಒಂದು ಸುತ್ತು ಅಂಗೈಗೆ ಸುತ್ತಿಕೊಂಡು ಜಗ್ಗಿದ. ಅಂಗಡಿಯಲ್ಲಿ ಮಾರುವ ಪಟ್ಟಿಯಾದರೆ ಒಂದು ಜಗ್ಗಿಗೆ ಕಿತ್ತು ಬರುತ್ತದೆ ಎಂದು ಅವನ ಕೈಗೆ ಅಭ್ಯಾಸವಾಗಿತ್ತು. ಇದು ಬರಲಿಲ್ಲ. ಮುಂದಿನದನ್ನು ವಿವರಿಸಿ ಬರೆಯುವ ಅಗತ್ಯವಿಲ್ಲ, ಅಂಥದ್ದನ್ನು ಬೇಕೆಂದು ಓದುವವರೂ ಬೇಡ. ರಸ್ತೆ ನಡುವಿನ ಕಟ್ಟೆಗೆ ಬೈಕು ಬಡಿದು ಉರುಳುವವರೆಗೆ ಆ ಹೊಲಿಗೆ ಯಾರನ್ನೂ ಬಿಡಲಿಲ್ಲ. ಹುಡುಗಿ ಆಸ್ಪತ್ರೆ ತಲುಪಲಿಲ್ಲ.

ಎಲ್ಲ ಮುಗಿದ ಮೇಲೆ ಠಾಣೆಯಿಂದ ಕರೆ ಬಂತು, ಸಾಮಾನು ಗುರುತಿಸಿ ತೆಗೆದುಕೊಂಡು ಹೋಗಿ ಎಂದು. ಕೀಲಿ ಮುದುಕ ಜೊತೆಗೆ ಹೋದ. ಪೇದೆ ಒಂದು ಪ್ಲಾಸ್ಟಿಕ್ ಚೀಲ ಮೇಜಿನ ಮೇಲಿಟ್ಟು ಫೋನನ್ನು ಹೊರತೆಗೆದು ಆ ಕಡೆ ಈ ಕಡೆ ತಿರುಗಿಸಿದ.

"ನೋಡಿಕೊಳ್ಳಮ್ಮ. ಒಂದು ಗೀರೂ ಬಿದ್ದಿಲ್ಲ." ಆಮೇಲೆ ಪಟ್ಟಿಯನ್ನು ಎಳೆದು ನೋಡಿದ. ನಿಜವಾದ ಮೆಚ್ಚುಗೆಯಿಂದ ಕೇಳಿದ: "ಇಷ್ಟು ಗಟ್ಟಿಯಾಗಿ ಎಲ್ಲಿ ಹೊಲಿಸಿದ್ರಿ? ನಮ್ಮ ಮನೆಯವಳಿಗೂ ಒಂದು ಬೇಕಿತ್ತು."

ಅವನು ಕೆಟ್ಟವನಲ್ಲ. ಅವನಿಗೆ ಗೊತ್ತಿರಲಿಲ್ಲ. ಅಲ್ಲಿ ಬೆಂಚಿನ ಮೇಲೆ ಕೈಗೆ ಪ್ಲಾಸ್ಟರು ಹಾಕಿಸಿಕೊಂಡ ಒಬ್ಬ ಕೂತಿದ್ದ. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಗಟ್ಟಿಯಕ್ಕ ದಾರಿಯುದ್ದಕ್ಕೂ ಅವನಿಗೆಂದೇ ಶಾಪಗಳನ್ನು ಒಟ್ಟುಗೂಡಿಸಿಕೊಂಡು ಬಂದಿದ್ದಳು. ಬಾಯಿ ತೆರೆಯುವ ಮೊದಲೇ ಅವನು ತಲೆಯೆತ್ತದೆ ಗೊಣಗಿದ: "ನಾನು ಬಿಟ್ಟೆ ಸಾರ್. ಆಣೆ ಮಾಡ್ತೀನಿ, ಬಿಟ್ಟುಬಿಟ್ಟೆ. ಅದು ಬಿಡಲಿಲ್ಲ."

"ಬಾಯಿ ಮುಚ್ಚೋ," ಎಂದ ಪೇದೆ.

ಗಟ್ಟಿಯಕ್ಕ ಒಂದು ಶಾಪವನ್ನೂ ಹಾಕದೆ ಫೋನು, ಪಟ್ಟಿ ಎತ್ತಿಕೊಂಡಳು. ಹೊರಬರುವಾಗ ಮುದುಕ, "ಅವನ ಮಾತು ತಲೆಗೆ ಹಚ್ಕೋಬೇಡಕ್ಕ, ಕಳ್ಳನ ಮಾತು," ಎಂದ. "ಕಳ್ಳ ಹೇಳಿದ್ರೂ ನಿಜ ನಿಜಾನೇ," ಎಂದಳು.

ಮನೆಯಲ್ಲಿ ಮಾರನೆಯ ಬೆಳಿಗ್ಗೆ, ರಾತ್ರಿ ಚಾರ್ಜಿಗೆ ಹಾಕಿಟ್ಟಿದ್ದ ಫೋನಿನ ಅಲಾರಂ ಹೊಡೆಯಿತು. ಅರೆನಿದ್ದೆಯಲ್ಲಿದ್ದ ತಾಯಿ, "ಏಳೇ ಕಡ್ಡಿ, ಬಸ್ಸು ತಪ್ಪುತ್ತೆ," ಎಂದು ಕೂಗಿಯೂ ಬಿಟ್ಟಳು. ತನ್ನ ದನಿ ತನಗೇ ಕೇಳಿದ ಮೇಲೆ ಎದ್ದು ಕೂತಳು. ಪಕ್ಕದ ಚಾಪೆ ಸುರುಳಿ ಸುತ್ತಿ ಗೋಡೆಗೆ ಒರಗಿತ್ತು. ಫೋನು ತೆರೆಯಲು ನೋಡಿದಳು, ಬೆರಳಿಡಿ ಎಂದಿತು. ತನ್ನ ಬೆರಳಿಟ್ಟಳು. ಮತ್ತೊಮ್ಮೆ ಪ್ರಯತ್ನಿಸಿ ಎಂದಿತು. ಹೆತ್ತವಳು ಎನ್ನುವುದು ಫೋನಿಗೆ ಗೊತ್ತಾಗುವುದಿಲ್ಲ. ಒಳಗೆ ಮಗಳ ಚಿತ್ರಗಳಿವೆ, ಮಗಳ ದನಿಯಿದೆ. ಬೀಗ ಮಾತ್ರ ಇಲ್ಲದ ಬೆರಳಿನದು. ಕೀಲಿ ಮುದುಕನ ಮುಂದೆ ಇಟ್ಟಾಗ ಅವನು ತಿರುಗಿಸಿ ನೋಡಿ ವಾಪಸು ಕೊಟ್ಟ. "ಇದಕ್ಕೆ ತೂತೇ ಇಲ್ವಲ್ಲಕ್ಕ," ಎಂದ. ಅದು ಅವನ ತಮಾಷೆಯಾಗಿರಲಿಲ್ಲ.

ಅಂದಿನಿಂದ ಫೋನು ಗೂಡಿನ ಮೇಜಿನ ಖಾನೆಯಲ್ಲಿ, ಪಟ್ಟಿಯ ಸಮೇತ. ಚಾರ್ಜು ಮಾತ್ರ ಇಳಿಯಲು ಬಿಡುವುದಿಲ್ಲ. ಹಗಲಲ್ಲಿ ಒಮ್ಮೊಮ್ಮೆ ಖಾನೆಯೊಳಗೆ ಅದು ಗುರ್ ಎಂದು ಅಲುಗುತ್ತದೆ. ಕರೆ ಸ್ವೀಕರಿಸಲು ಬೆರಳು ಬೇಕಿಲ್ಲ.

"ಮೇಡಂ, ನನ್ನ ಕನ್ನಡಕ ರೆಡಿ ಆಯ್ತಾ?"

"ಇನ್ನೂ ಆಗಿಲ್ಲ," ಎನ್ನುತ್ತಾಳೆ ಗಟ್ಟಿಯಕ್ಕ.

"ಯಾಕಕ್ಕ ಹಾಗಂದೆ?" ಎಂದು ಮುದುಕ ಒಮ್ಮೆ ಕೇಳಿದ. "ಪಾಪ, ಅಂಗಡಿಗೆ ಹೋಗಿ ಕೇಳಿ ಅನ್ನಬಾರದಾ?"

"ಹಾಗಂದ್ರೆ ಮತ್ತೆ ಇದಕ್ಕೆ ಫೋನ್ ಮಾಡಲ್ಲ."

ಈಗ ಊರಿನ ಬುದ್ಧಿ ನೋಡಿ. ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತ ಹೋಗುತ್ತ ಹುಡುಗಿ ಉದುರಿಹೋದಳು; ಉಳಿದದ್ದು 'ಪಟ್ಟಿ ಇದ್ದಿದ್ದಕ್ಕೆ ಫೋನು ಉಳೀತು' ಎಂಬುದೊಂದೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇಲ್ಲಿ ಆ ಬಾಗಿಲಿಗೇ ಉಳಿದ ಹುಡುಗಿಯರನ್ನೂ ಕಟ್ಟಿ ಹಾಕಲು ಹೊರಟರು. ಎಲ್ಲೆಲ್ಲಿಂದಲೋ ಜನ ಬಂದರು. ಫೋನಿಗೆ ಪಟ್ಟಿ ಹೊಲಿಯುವ ಅಕ್ಕ ಇವಳೇನಾ ಎಂದು ಕೇಳಿಕೊಂಡು ಬಂದರು. ಗಟ್ಟಿಯಕ್ಕ ಮೊದಲು ಆಗಲ್ಲ ಎಂದಳು. ಅವರು ಮುಂದಿನ ಬೀದಿಗೆ ಹೋಗಿ ಬೇರೆ ಕಡೆ ಹೊಲಿಸಿಕೊಂಡು, ಸಂಜೆ ಅದೇ ದಾರಿಯಲ್ಲಿ ಕೈಗೆ ಬಿಗಿದುಕೊಂಡು ನಡೆದುಹೋದರು. ಅವಳು ಕೂತಲ್ಲಿಂದ ಕಾಣುವುದು ನಡೆಯುವವರ ಕೈ ಕಾಲು ಮಾತ್ರ, ಮುಖ ಕಾಣುವುದಿಲ್ಲ. ಪ್ರತಿ ಮಣಿಕಟ್ಟೂ ಒಂದೇ ಮಣಿಕಟ್ಟಿನ ಹಾಗೆ ಕಾಣತೊಡಗಿತು.

ಆಮೇಲೆ ಅವಳು ಒಪ್ಪಿಕೊಂಡಳು. ಹೊಲಿದುಕೊಡುತ್ತೇನೆ ಬನ್ನಿ ಎಂದಳು.

ಧಾನ್ಯದ ಮೂಟೆಯ ಬಾಯಿಗೆ ಹಾಕುವ ಹೊಲಿಗೆಯನ್ನು ನೀವು ನೋಡಿರುತ್ತೀರಿ. ಎಷ್ಟು ಭಾರಕ್ಕೂ ಬಿಡುವುದಿಲ್ಲ. ಸರಿಯಾದ ತುದಿ ಹಿಡಿದು ಎಳೆದರೆ ಮಾತ್ರ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅವಳು ಮಣಿಕಟ್ಟಿನ ಕುಣಿಕೆಗೆ ಆ ಹೊಲಿಗೆ ಹಾಕಿದಳು. ಮೆಲ್ಲಗೆ ಎಳೆದರೆ ಹಿಡಿದುಕೊಳ್ಳುವ, ಜಗ್ಗಿದರೆ ತುದಿ ತಾನೇ ಕಳಚಿ ಬಿಟ್ಟುಕೊಡುವ ಹಾಗೆ ಕೂರಿಸುವಷ್ಟರಲ್ಲಿ ಎಷ್ಟೋ ಪಟ್ಟಿ ಹಾಳಾದವು. ಮೇಲೆ ನೋಡಲು ಅದೇ ಚೌಕ, ಅದೇ ಕತ್ತರಿ ಗುರುತು. ಆ ಚೌಕದ ದಾರ ಕೆಳಗಿನ ಪದರ ಮುಟ್ಟುವುದೇ ಇಲ್ಲ. ಬರೀ ವೇಷ. ಕೊಕ್ಕೆಯ ಪರೀಕ್ಷೆ ನಿಲ್ಲಿಸಿದಳು. ಯಾರಾದರೂ ಕೇಳಿದರೆ ತಾನೇ ಮೆಲ್ಲಗೆ ಎಳೆದು ತೋರಿಸಿ, "ನೋಡಿ," ಎನ್ನುತ್ತಿದ್ದಳು. 'ಬಿಡಲ್ಲ' ಎಂಬ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ.

ಒಂದು ದಿನ ಮುದುಕ ಒಂದು ಪಟ್ಟಿಯನ್ನು ಕೈಗೆತ್ತಿಕೊಂಡು ಸುಮ್ಮನೆ ಜಗ್ಗಿದ. ಅದು ಎರಡು ತುಂಡಾಗಿ ಬಂತು. ಅತ್ತ ಇತ್ತ ನೋಡಿ, ದನಿ ತಗ್ಗಿಸಿದ.

"ಅಕ್ಕಾ, ಇದು ಮೂಟೆ ಹೊಲಿಗೆ."

"ಗೊತ್ತು."

"ಜನ ನಿನ್ನ ಹೆಸರು ನೋಡಿ ಬರ್ತಾರೆ. ನಾಳೆ ಒಬ್ಬರ ಫೋನ್ ಹೋದ್ರೆ?"

"ಹೋಗ್ಲಿ."

ಮುದುಕ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನಿನಗೆ ತಿಳಿದಿದ್ದು ಮಾಡು," ಎಂದು ತನ್ನ ಅರ ಎತ್ತಿಕೊಂಡ.

ಒಬ್ಬ ನರ್ಸ್ ಬಂದದ್ದು ಆಗ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವಳು. ಕಡ್ಡಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬೇಕು. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಳು. ಕೈಯಿಂದ ಔಷಧಿ ಸೋಪಿನ ವಾಸನೆ.

"ಅಕ್ಕಾ, ಒಂದು ಫೋನು ಆಗಲೇ ಹೋಗಿದೆ. ಯಾವ ಮನೆಗೆ ಯಾವಾಗ ಅಂತ ಎಲ್ಲ ಫೋನಲ್ಲೇ ಹೇಳ್ತಾರೆ. ಇದು ಪ್ರಾಣ ಹೋದ್ರೂ ಹೋಗಬಾರದು, ಹಾಗೆ ಹೊಲಿದುಕೊಡಿ."

ಗಟ್ಟಿಯಕ್ಕನ ಕಾಲು ಪೆಡಲಿನ ಮೇಲೆ ನಿಂತಿತು. ಮೈಕು ಏನೂ ಹೇಳಿರಲಿಲ್ಲ.

"ಏನಂದೆ?"

"ಗಟ್ಟಿಯಾಗಿ ಅಂದೆ ಅಕ್ಕಾ."

"ಕೂತ್ಕೋ," ಎಂದಳು. ಬೇರೆಯವರಿಗೆ ಹಾಕಿದ್ದಕ್ಕಿಂತಲೂ ಸಡಿಲವಾಗಿ ಹಾಕಿದಳು.

ಮಳೆ ಬರುವ ಹಾಗಿದ್ದ ಒಂದು ಮಧ್ಯಾಹ್ನ ಅದೇ ನರ್ಸ್ ಗೂಡಿನ ಎದುರು ಬಂದು ನಿಂತು, ಕೈಯಲ್ಲಿದ್ದ ತುಂಡನ್ನು ಮಷೀನಿನ ಮೇಲೆ ಎಸೆದಳು. ಬರೀ ಕುಣಿಕೆ. ಅಂಚಿನಲ್ಲಿ ಬಿಚ್ಚಿದ ದಾರ ಜೋಲುತ್ತಿತ್ತು. ಬ್ಯಾಗು ಕೊಡಲು ಬಂದಿದ್ದ ಇಬ್ಬರು ಹಿಂದೆ ಸರಿದರು.

"ಇದಾ ನಿಮ್ಮ ಗಟ್ಟಿ ಹೊಲಿಗೆ? ಹೀಗಂತ ಮುಟ್ಟಿದ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಅವನಿಗೇ ನಗು ಬಂತು ಅಕ್ಕಾ, ನಗ್ತಾ ಹೋದ."

ಗಟ್ಟಿಯಕ್ಕ ಎದ್ದು ಬಂದಳು. ಅವಳ ಬಲಗೈ ಹಿಡಿದುಕೊಂಡು, ಹೊಲಿಗೆ ನೋಡುವ ಹಾಗೆ ಬೆಳಕಿಗೆ ಹಿಡಿದು, ಮಣಿಕಟ್ಟು ತಿರುಗಿಸಿ, ಬೆರಳು ಒಂದೊಂದನ್ನೇ ಮಡಚಿ ಬಿಡಿಸಿ ನೋಡಿದಳು.

"ನೋವಾಗುತ್ತಾ? ಬಿದ್ದೆಯಾ?"

"ಕೈಗೇನಾಗಿದೆ? ಫೋನು ಹೋಯ್ತು ಅಂತಿದ್ದೀನಿ."

"ಹೋಗ್ಲಿ ಬಿಡು."

ನರ್ಸ್ ಕೈ ಕಿತ್ತುಕೊಂಡಳು. "ನಿಮಗೆ ಹೋಗ್ಲಿ. ನನಗೆ? ಕರೆ ತಗೊಳ್ಳಲಿಲ್ಲ ಅಂತ ನನ್ನ ಡ್ಯೂಟಿ ಬೇರೆಯವಳಿಗೆ ಕೊಟ್ಟರು. ನಾನು ಹೋಗ್ತಿದ್ದ ಮನೆ ಅಜ್ಜಿ ನನ್ನ ಕೈಯಲ್ಲಿ ಬಿಟ್ರೆ ಇನ್ನೊಬ್ಬರ ಕೈಯಲ್ಲಿ ನೀರೂ ಕುಡಿಯಲ್ಲ. ಈಗ ಹೇಗಿದ್ದಾಳೋ, ಕೇಳೋಣ ಅಂದ್ರೆ ನಂಬರ್ ಕೂಡ ಅದರಲ್ಲೇ ಹೋಯ್ತು."

ಸಡಿಲ ಹೊಲಿಗೆಯೂ ಎಲ್ಲೋ ಒಬ್ಬ ಮುದುಕಿಯ ಬಾಯಾರಿಕೆಯಾಗುತ್ತದೆ ಎಂದು ಗಟ್ಟಿಯಕ್ಕ ಯೋಚಿಸಿರಲಿಲ್ಲ. ಅಷ್ಟರಲ್ಲಿ ಖಾನೆಯೊಳಗೆ ಫೋನು ಗುರ್ ಎಂದಿತು. ಖಾನೆ ಅರ್ಧ ತೆರೆದಿತ್ತು. ನರ್ಸಿನ ಕಣ್ಣು ಅತ್ತ ಹೋಯಿತು. ಬಗ್ಗಿ ಪಟ್ಟಿ ಹಿಡಿದು ಎತ್ತಿದಳು. ಕೆಳಗೆ ಫೋನು ಜೋಲಾಡುತ್ತ ಮಿನುಗಿತು. ಎರಡು ಕೈಯಲ್ಲಿ ಜಗ್ಗಿದಳು. ಮತ್ತೆ ಜಗ್ಗಿದಳು.

"ಇಷ್ಟು ಗಟ್ಟಿ ಹೊಲಿಯೋದು ಬರುತ್ತೆ ನಿಮಗೆ. ಮತ್ತೆ ನನಗ್ಯಾಕೆ ಮೋಸ ಮಾಡಿದ್ರಿ?"

"ಅದನ್ನ ಕಟ್ಟಿಕೊಂಡಿದ್ದವಳು ನನ್ನ ಮಗಳು."

ಫೋನು ಇನ್ನೂ ಅಲುಗುತ್ತಿತ್ತು. ನರ್ಸ್ ಪಟ್ಟಿಯ ಅಂಚನ್ನು ನೋಡಿದಳು. ನೈಲಾನಿನಲ್ಲಿ ಒಂದು ಕಡೆ ತೊಳೆದರೂ ಹೋಗದ ಕಪ್ಪು ಬಣ್ಣವಿತ್ತು. ಅವಳ ಕೆಲಸದವರಿಗೆ ಆ ಬಣ್ಣ ಯಾವುದೆಂದು ಹೇಳಿಕೊಡಬೇಕಾಗಿಲ್ಲ. ಫೋನು ತಾನಾಗಿ ಸುಮ್ಮನಾದ ಮೇಲೆ ಅದನ್ನು ಮೆಲ್ಲಗೆ ಖಾನೆಯಲ್ಲಿಟ್ಟು ಸ್ಟೂಲಿನ ಮೇಲೆ ಕೂತಳು.

"ಹೇಳಬೇಕಿತ್ತು ಅಕ್ಕಾ."

"ಹೇಳಿದ್ರೆ ಹೊಲಿಸ್ತಿದ್ದೆಯಾ?"

ನರ್ಸ್ ಯೋಚಿಸಿದಳು. "ಇಲ್ಲ," ಎಂದಳು. "ಬೇರೆ ಕಡೆ ಹೋಗ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

"ಆದ್ರೂ ಹೇಳಬೇಕಿತ್ತು."

ಇಬ್ಬರ ಮಾತೂ ಸರಿ, ಮತ್ತು ಇಬ್ಬರನ್ನೂ ಆ ಗೂಡಿನಲ್ಲಿ ಎದುರುಬದುರು ಕೂರಿಸಿದವರು ಅಲ್ಲಿರಲಿಲ್ಲ. ಹಾಜರಿ, ಸಂಬಳ, ಟಿಕೇಟು, ಒಬ್ಬಳು ಅಜ್ಜಿಯ ನೀರಿನ ಲೋಟ, ಎಲ್ಲವನ್ನೂ ಅಂಗೈಯಗಲದ ಗಾಜಿನೊಳಗೆ ತುಂಬಿ, ಕಾವಲಿಗೆ ಒಂದು ಹೆಣ್ಣಿನ ಮಣಿಕಟ್ಟನ್ನು ನೇಮಿಸಿ, ನೀವೇ ಜವಾಬ್ದಾರರು ಎಂದು ಮೈಕಿನಲ್ಲಿ ಕೂಗಿಸುವವರು ಯಾರು? ಅವರ ಫೋನು ಹೋದರೆ ಸಂಜೆಯೊಳಗೆ ಇನ್ನೊಂದು ಬರುತ್ತದೆ. ಕದ್ದ ಮಾಲೆಂದು ಗೊತ್ತಿದ್ದೂ ಅಗ್ಗಕ್ಕೆ ಸಿಕ್ಕಿತಲ್ಲ ಎಂದು ಸಂಭ್ರಮದಿಂದ ಕೊಳ್ಳುವವರು ಯಾರು? ಬೈಕಿನ ಹಿಂದೆ ಕೂತವನು ಒಬ್ಬನೇ ಅಲ್ಲ ಬಿಡಿ. ಆ ಸೀಟು ಬಹಳ ಉದ್ದವಿದೆ.

ಮಾರನೆಯ ದಿನ ಗಟ್ಟಿಯಕ್ಕ ಖಾನೆಯಿಂದ ಫೋನು ತೆಗೆದು, ಪಟ್ಟಿಯಿಂದ ಬಿಡಿಸಿ, ಮತ್ತೆ ಖಾನೆಯಲ್ಲಿಟ್ಟಳು. ಪಟ್ಟಿಯನ್ನು ಶಟರಿನ ಪಕ್ಕದ ಕೊಕ್ಕೆಗೆ ನೇತುಹಾಕಿದಳು. ಪಕ್ಕದಲ್ಲಿ ಮೂಟೆ ಹೊಲಿಗೆಯದೊಂದು. ಈಗ ಯಾರು ಬಂದರೂ, "ಎರಡನ್ನೂ ಎಳೆದು ನೋಡಿ," ಎನ್ನುತ್ತಾಳೆ. ಎಳೆದವರು ಮಗಳದನ್ನೇ ಹಿಡಿದು ಇದು ಬೇಕು ಎನ್ನುತ್ತಾರೆ. "ಅದು ಕೊಲ್ಲುತ್ತೆ. ಅದನ್ನ ಹೊಲಿಯಲ್ಲ," ಎಂದು ನಡೆದದ್ದನ್ನು ಹೇಳುತ್ತಾಳೆ. ಕೆಲವರು ಕೇಳಿ ಸುಮ್ಮನೆ ಹೋಗುತ್ತಾರೆ. ಕೆಲವರು ಅಯ್ಯೋ ಎಂದು, ಮುಂದಿನ ಬೀದಿಗೆ ಹೋಗುತ್ತಾರೆ.

ನರ್ಸ್ ಮಾತ್ರ ಹೊಸ ಫೋನು ಹಿಡಿದುಕೊಂಡು ಮತ್ತೆ ಬಂದಳು. ಆ ಅಜ್ಜಿಯ ಮನೆ ಅವಳಿಗೆ ವಾಪಸು ಸಿಕ್ಕಿರಲಿಲ್ಲ.

"ಅದೇ ಹಾಳು ಹೊಲಿಗೆ ಹಾಕಿಕೊಡಿ," ಎಂದು ಮುಖ ಗಂಟಿಕ್ಕಿಕೊಂಡೇ ಕೈ ಚಾಚಿದಳು. ಮಣಿಕಟ್ಟಿನ ಅಳತೆ ತೆಗೆಯುವಾಗ ಗಟ್ಟಿಯಕ್ಕ ಆ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದಳು. ನರ್ಸ್ ಎಳೆದುಕೊಳ್ಳಲಿಲ್ಲ.

ಸಂಜೆಯಾದರೆ ಕೆಲಸ ಬಿಟ್ಟ ಹುಡುಗಿಯರು ಗುಂಪುಗುಂಪಾಗಿ ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ, ಫುಟ್‌ಪಾತಿನ ಮೇಲೆ ಕಾರುಗಳು ಇನ್ನೂ ನಿಂತೇ ಇವೆ. ಅವಳಿಗೆ ಕಾಣುವುದು ಬರೀ ಕೈಗಳು, ಕೈಗಳಿಗೆ ಬಿಗಿದ ಪಟ್ಟಿಗಳು. ಹಿಂದಿನಿಂದ ಬೈಕಿನ ಸದ್ದು ಜೋರಾಗಿ ಬಂದಾಗಲೆಲ್ಲ ಕತ್ತರಿ ಹಿಡಿದ ಅವಳ ಕೈ ತಾನಾಗಿ ಮೇಲೇಳುತ್ತದೆ, ಬರಿಗಾಳಿಯಲ್ಲಿ ಕಚಕ್ಕೆಂದು ಇಲ್ಲದ ಪಟ್ಟಿಯೊಂದನ್ನು ಕತ್ತರಿಸುತ್ತದೆ, ಬೈಕು ದಾಟಿ ಹೋದ ಮೇಲೆ ಕೆಳಗಿಳಿಯುತ್ತದೆ.